ಮಾತಿಗೆ ಕೂರುವ ಮುನ್ನ: ಮುಂಬೈ ಕನ್ನಡಿಗರ ನಡುವೆ ಸಮಾಜಕಾರ್ಯ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿರುವ ಹುಡುಗ ಹುಡುಗಿಯರು, ಕನ್ನಡ ಸಂಘಗಳ ಸ್ವಯಂಸೇವಕರು, ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಮುಂಬೈ, ಠಾಣೆ, ನವಿ ಮುಂಬೈ ಕಡೆಯ ಕನ್ನಡ ಕುಟುಂಬಗಳ ಜೊತೆ ಕೆಲಸ ಮಾಡುತ್ತಾ ಕಲಿತದ್ದನ್ನು ಹೇಳುತ್ತಿದ್ದೇನೆ. ಉದಾಹರಣೆಗಳಲ್ಲಿ ಊರು, ವಯಸ್ಸು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಓದಿದ ಯಾರಿಗೂ ಇದು ಪಕ್ಕದ ಖೋಲಿಯವರ (ಬಾಡಿಗೆ ಕೋಣೆಯವರ) ಕಥೆ ಅನ್ನಿಸಬಾರದು.

ನನಗೆ ಕನ್ನಡ ಚೆನ್ನಾಗಿ ಬರುತ್ತದೆ. ಮಾತಾಡುವುದನ್ನು ಬೇರೆ ಕಲಿಯಬೇಕಾ?

ಬೇಕು. ಮೊದಲು ಯಾವ ಕನ್ನಡ ಅಂತ ನೋಡಿ. ಹೋಟೆಲ್ ಕೆಲಸಕ್ಕೆ ಬಂದ ಉಡುಪಿ, ಕುಂದಾಪುರದವರ ಕನ್ನಡ ಒಂದು. ಅವರಲ್ಲಿ ಎಷ್ಟೋ ಜನ ಮನೆಯೊಳಗೆ ತುಳು ಆಡುತ್ತಾರೆ. ಕಟ್ಟಡದ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ, ಯಾದಗಿರಿಯವರ ಕನ್ನಡ ಇನ್ನೊಂದು. ಅವರ ನಡುವಿನ ಲಂಬಾಣಿ ಕುಟುಂಬಗಳಿಗೆ ಮನೆಮಾತೇ ಬೇರೆ. ಇಲ್ಲೇ ಹುಟ್ಟಿದ ಮಕ್ಕಳ ಕನ್ನಡದಲ್ಲಿ ಮರಾಠಿ, ಹಿಂದಿ ಎರಡೂ ಬೆರೆತಿರುತ್ತವೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ವಿಜಯಪುರ ಕಡೆಯ ಒಬ್ಬ ತಾಯಿ "ಜೀವಕ್ಕ ಭಾಳ ಬ್ಯಾಸರ ಆಗೇದ್ರಿ" ಅಂದರು. ನನ್ನದು ಕರಾವಳಿ ಕನ್ನಡ. ಹೊತ್ತು ಹೋಗುತ್ತಿಲ್ಲ, ಒಬ್ಬರೇ ಇರುತ್ತಾರೆ ಅಂದುಕೊಂಡು ಹಾಗೇ ಬರೆದೆ. ಎರಡು ವಾರದ ನಂತರ ಅವರ ತಂಗಿ ಬಂದು ಹೇಳಿದಾಗಲೇ ಗೊತ್ತಾಯಿತು, ಅವರು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ, ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬ್ಯಾಸರ ಅನ್ನುವ ಪದದೊಳಗೆ ಅಷ್ಟೂ ಇತ್ತು. ನಾನು ಮುಂದಿನ ಪ್ರಶ್ನೆ ಕೇಳಿರಲಿಲ್ಲ.

ಅಂದಿನಿಂದ ಇಂಥ ಮಾತು ಬಂದಾಗ ಅರ್ಥ ಗೊತ್ತಿದೆ ಅಂತ ಮುಂದೆ ಹೋಗುವುದಿಲ್ಲ. "ಎದಿ ಝಲ್ ಅಂತದ", "ತಲಿ ಗುಂಯ್ ಅಂತೈತಿ", "ಕೈಕಾಲಾಗ ಜೀವ ಇಲ್ಲ" ಅಂದರೆ ಅದು ದೇಹದ ಕಾಯಿಲೆಯೂ ಇರಬಹುದು, ಮನಸ್ಸಿನ ಭಾರವೂ ಇರಬಹುದು. ಮೊದಲು ಡಾಕ್ಟರ್ ದೇಹವನ್ನು ನೋಡಲಿ. ನಾವು ಕೇಳಬೇಕಾದದ್ದು ಇಷ್ಟು: ಹಾಗೆ ಆದಾಗ ಏನೇನಾಗುತ್ತದೆ? ಯಾವಾಗಿಂದ? ಅಡುಗೆ, ಕೆಲಸ, ನಿದ್ದೆ ನಡೆಯುತ್ತಿದೆಯಾ? ಫೈಲಿನಲ್ಲಿ ಅವರದೇ ಪದವನ್ನು ಹಾಗೇ ಬರೆದು, ಅದರ ಪಕ್ಕದಲ್ಲಿ ವಿವರಣೆ ಕೊಡಿ.

ಮೊದಲ ಭೇಟಿಯಲ್ಲಿ ಹೇಗೆ ಕರೆಯಬೇಕು, ಏನು ಹೇಳಬೇಕು?

ಎಲ್ಲರಿಗೂ ನೀವು ಅನ್ನಿ. ಕಚೇರಿಗೆ ಕಾರಿನಲ್ಲಿ ಬಂದವರಿಗೆ ನೀವು, ನಾಕಾದಲ್ಲಿ (ರಸ್ತೆ ಕೂಡುವ ಕಡೆ) ಕೂಲಿಗೆ ನಿಂತವರಿಗೆ ನೀನು ಅನ್ನುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅದು ಒಂದೇ ಕ್ಷಣದಲ್ಲಿ ಅವರಿಗೆ ಗೊತ್ತಾಗುತ್ತದೆ. ಉತ್ತರ ಕರ್ನಾಟಕದ ಹಿರಿಯರು ನಿಮಗೆ "ನೀ ಯಾವೂರಾಕಿ ಬೇ" ಅನ್ನಬಹುದು. ಅದು ಪ್ರೀತಿ. ನೀವು ಮಾತ್ರ "ರೀ" ಬಿಡಬೇಡಿ. ಅಕ್ಕಾರ, ಅಣ್ಣಾರ, ಕಾಕಾ, ಆಯಿ ಅಂತ ಅವರವರ ಕಡೆ ನಡೆಯುವ ಹಾಗೆ ಕರೆಯಿರಿ. ಒಂದು ಸಣ್ಣ ಎಚ್ಚರ: ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಇಲ್ಲಿ ಬೆಳೆದ ಹುಡುಗಿ ತನಗಿಂತ ನಾಲ್ಕು ವರ್ಷ ದೊಡ್ಡವಳನ್ನು ತಾಯಿ ಅಂದರೆ ಮನೆಯ ಸಂಬಂಧವನ್ನು ತಪ್ಪು ಬರೆದುಕೊಳ್ಳಬೇಡಿ. ಕೇಳಿ ಖಚಿತ ಮಾಡಿಕೊಳ್ಳಿ.

ಬಸ್ತಿಗೆ ಹೋದಾಗ ನಾನು ಮೊದಲು ಹೇಳುವುದು ನಾನು ಯಾರು ಅಲ್ಲ ಅನ್ನುವುದನ್ನು. "ನಾ ಆಸ್ಪತ್ರೆಯಿಂದ ಬಂದೀನ್ರಿ. ಡಾಕ್ಟರ್ ಅಲ್ಲ, ಪೊಲೀಸ್ ಅಲ್ಲ, ಮನಿ ಸರ್ವೆ ಮಾಡಾಕ ಬಂದಾಕಿನೂ ಅಲ್ಲ." ಕೈಯಲ್ಲಿ ಕಾಗದ ಹಿಡಿದು ಬಂದವರೆಂದರೆ ಮನೆ ಕೆಡವುವ ಮೊದಲಿನ ಸರ್ವೆ ಅನ್ನುವ ಹೆದರಿಕೆ ಈ ನಗರದ ಝೋಪಡಿಗಳಲ್ಲಿ ಯಾವತ್ತೂ ಇರುತ್ತದೆ. ಅದು ಹೋಗುವವರೆಗೆ ನಿಮಗೆ ಸಿಗುವ ಉತ್ತರಗಳೆಲ್ಲ ಸರ್ವೆಗೆ ಕೊಡುವ ಉತ್ತರಗಳೇ. ಆಮೇಲೆ ಎಷ್ಟು ಹೊತ್ತು ಕೂರುತ್ತೇನೆ, ಯಾಕೆ ಬಂದೆ, ಏನು ಬರೆದುಕೊಳ್ಳುತ್ತೇನೆ, ಅದನ್ನು ಯಾರು ಓದುತ್ತಾರೆ, ಉತ್ತರ ಕೊಡಲು ಇಷ್ಟ ಇಲ್ಲದಿದ್ದರೆ ಬೇಡ ಅನ್ನಬಹುದು ಅಂತ ಹೇಳುತ್ತೇನೆ. ಒಪ್ಪಿಗೆ ಅಂದರೆ ಇದು. ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆ ಅಲ್ಲ.

ಅವರು ನೆಲದ ಮೇಲೆ ಕೂತಿದ್ದರೆ ನೀವೂ ನೆಲದ ಮೇಲೆ ಕೂರಿ. ಚಹಾ ಕೊಟ್ಟರೆ ಅರ್ಧ ಕಪ್ಪಾದರೂ ಕುಡಿಯಿರಿ.

ಫಾರ್ಮ್ ಮೊದಲು ತುಂಬಬೇಕಾ, ಮಾತು ಮೊದಲಾ?

ಮಾತು. ಸಂಸ್ಥೆಯಲ್ಲಿ ನಾಲ್ಕು ಪುಟದ ಫಾರ್ಮ್ ಕೊಟ್ಟಿರುತ್ತಾರೆ, ಗೊತ್ತು. ಅದನ್ನು ಮನೆಯಲ್ಲಿ ಹತ್ತು ಸಲ ಓದಿ ತಲೆಯಲ್ಲಿ ಇಟ್ಟುಕೊಳ್ಳಿ. ಅವರು ತಮ್ಮ ಕಥೆ ಹೇಳುತ್ತಾ ಹೋದಂತೆ ಅರ್ಧ ಕಾಲಂ ತಾನೇ ತುಂಬುತ್ತದೆ. ಉಳಿದದ್ದನ್ನು ಕೊನೆಯಲ್ಲಿ "ಇನ್ನ ನಾಕು ವಿಷಯ ಕೇಳೂದೈತಿ" ಅಂತ ಹೇಳಿ ಕೇಳಿದರಾಯಿತು. ತಿಂಗಳ ಆದಾಯ ಎಷ್ಟು ಅಂತ ಶುರು ಮಾಡಿದರೆ ಎದುರಿನವರು ನಿಮ್ಮನ್ನು ಸಹಾಯಧನ ಕೊಡುವವರು ಅಂದುಕೊಳ್ಳುತ್ತಾರೆ, ಮುಂದಿನ ಮಾತೆಲ್ಲ ಆ ದಾರಿಯಲ್ಲೇ ಹೋಗುತ್ತದೆ.

ಪ್ರಶ್ನೆ ಕೇಳುವುದರಲ್ಲಿ ನಾವು ಜಾಸ್ತಿ ಎಡವುವುದು ಎಲ್ಲಿ?

"ಯಾಕೆ" ಅನ್ನುವ ಪದದಲ್ಲಿ. ಯಾಕೆ ಮಾತ್ರೆ ಬಿಟ್ಟಿರಿ, ಯಾಕೆ ಮೊದಲೇ ಬರಲಿಲ್ಲ, ಯಾಕೆ ಅವನ ಜೊತೆ ಇನ್ನೂ ಇದ್ದೀರಿ. ಕೇಳಿದವರಿಗೆ ಇದು ಪ್ರಶ್ನೆ, ಕೇಳಿಸಿಕೊಂಡವರಿಗೆ ಬೈಗುಳ. "ಮಾತ್ರಿ ಬಿಟ್ಟ ದಿನ ಏನಾಗಿತ್ತು?" ಅಂತ ಕೇಳಿ ನೋಡಿ. ಒಂದು ದಿನದ ಕಥೆ ಬರುತ್ತದೆ, ಆ ಕಥೆಯೊಳಗೆ ಕಾರಣ ಇರುತ್ತದೆ.

ಹೌದು, ಇಲ್ಲ ಅನ್ನುವ ಉತ್ತರದ ಪ್ರಶ್ನೆಗಳೂ ಬೇಕು. ರಕ್ತ ಬಂತಾ, ಇವತ್ತು ಊಟ ಆಯ್ತಾ, ಮನೆಗೆ ಹೋಗಲು ಹೆದರಿಕೆ ಇದೆಯಾ, ಇಂಥವನ್ನು ನೇರವಾಗಿ ಕೇಳಬೇಕು. ಆದರೆ "ಗಂಡ ಕುಡಿಯೂದಿಲ್ಲ ಹೌದಲ್ರಿ?" ಅಂತ ಉತ್ತರವನ್ನೂ ಪ್ರಶ್ನೆಯಲ್ಲೇ ಇಟ್ಟು ಕೇಳಬೇಡಿ. ದೊಡ್ಡವರ ಮಾತಿಗೆ ಇಲ್ಲ ಅನ್ನುವುದು ಮರ್ಯಾದೆ ಅಲ್ಲ ಅಂತ ನಮ್ಮ ಜನ ಹೂಂ ಅಂದುಬಿಡುತ್ತಾರೆ.

ಅವರು ಹೇಳಿದ್ದನ್ನು ನಡುನಡುವೆ ತಿರುಗಿ ಹೇಳಿ. "ಅಂದ್ರ ಮುಕಾದಮ ಮುಂಗಡ ಕೊಟ್ಟಿದ್ದಕ್ಕ ಊರಿಗೆ ಹೋಗಾಕ ಬಿಡವಲ್ಲ, ಹಂಗಲ್ರಿ?" (ಮುಕಾದಮ ಅಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ.) ತಪ್ಪಿದ್ದರೆ ಅವರು ತಿದ್ದುತ್ತಾರೆ. ಹಾಗೆ ತಿದ್ದಿದರೆ ಸಂತೋಷಪಡಿ, ನಿಮ್ಮ ಮೇಲೆ ಅಷ್ಟು ನಂಬಿಕೆ ಬಂದಿದೆ ಅಂತ ಅರ್ಥ.

ಅವರು ಸುಮ್ನೆ ಕೂತುಬಿಟ್ಟರೆ?

ನೀವೂ ಸುಮ್ಮನೆ ಕೂರಿ. ಮೊಬೈಲ್ ನೋಡಬೇಡಿ. ಹೊಸಬರಿಗೆ ಹತ್ತು ಸೆಕೆಂಡ್ ಮೌನವೇ ಹತ್ತು ನಿಮಿಷದ ಹಾಗೆ ಅನ್ನಿಸಿ ಇನ್ನೊಂದು ಪ್ರಶ್ನೆ ಹಾಕಿಬಿಡುತ್ತಾರೆ. ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಗುತ್ತದೆ. ಅಳು ಬಂದರೂ ಅಷ್ಟೇ. ಅಳಬೇಡಿ ಅಂತ ತಡೆಯಬೇಡಿ, ನೀರು ಕೊಡಿ, ಕಾಯಿರಿ.

ಅಸೆಸ್‌ಮೆಂಟ್ ಅಂದರೆ ಕೊನೆಗೂ ಏನು? ಮಾಹಿತಿ ಸಂಗ್ರಹವೇ ತಾನೆ?

ಮಾಹಿತಿ ಅದರ ಒಂದು ಭಾಗ ಅಷ್ಟೇ. ಈ ಮನುಷ್ಯನಿಗೆ ಏನಾಗಿದೆ, ಯಾವುದರಿಂದ ಹೀಗಾಯಿತು, ಯಾವುದು ಅವನನ್ನು ಹಿಡಿದು ನಿಲ್ಲಿಸಿದೆ, ಅವನಿಗೆ ಏನು ಬೇಕು, ಮೊದಲು ಯಾವುದಕ್ಕೆ ಕೈ ಹಾಕಬೇಕು ಅಂತ ಅವನ ಜೊತೆಯಲ್ಲೇ ಕೂತು ತೀರ್ಮಾನಿಸುವುದು ಅಸೆಸ್‌ಮೆಂಟ್. ಅಮೆರಿಕದ ಸಮಾಜಕಾರ್ಯಕರ್ತೆ ಮೇರಿ ರಿಚ್ಮಂಡ್ 1917ರಲ್ಲೇ ಇದಕ್ಕೊಂದು ಶಿಸ್ತು ಕೊಟ್ಟರು. ಮುಂಬೈಗೂ ಇದು ಹಳೆಯದು. ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ 1926ರಲ್ಲಿ ನಾಗಪಾಡಾದಲ್ಲಿ ಬಡವರ ಕೇರಿಯ ನಡುವೆಯೇ ಕೇಂದ್ರ ತೆರೆದರು. ಆ ಅನುಭವದಿಂದ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಹುಟ್ಟಿತು. ಅದೇ ಇಂದಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್. 1946ರಲ್ಲಿ ಜೆ.ಜೆ. ಆಸ್ಪತ್ರೆಗೆ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕ ಆಯಿತು, ಅದು ದೇಶದಲ್ಲೇ ಮೊದಲು. ಕೇರಿಯಲ್ಲಿ ಕೂತು ಕಲಿಯುವುದು, ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಕಲಿಯುವುದು, ಎರಡೂ ಈ ಊರಿನಲ್ಲೇ ಬೇರು ಬಿಟ್ಟಿವೆ.

ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದ. ಸೆಂಟ್ರಿಂಗ್ ಕೆಲಸದ ಒಬ್ಬ ಅಣ್ಣನಿಗೆ ಟಿಬಿ. ಚಿಕಿತ್ಸೆ ಆರು ತಿಂಗಳದ್ದು. ಅವನು ಮೊದಲ ತಿಂಗಳು ಮುಗಿಯುವ ಮೊದಲೇ ಮಾತ್ರೆ ಬಿಟ್ಟ. ಫೈಲಿನಲ್ಲಿ ಒಂದೇ ಸಾಲು: ರೋಗಿಗೆ ನಿರ್ಲಕ್ಷ್ಯ, ಕುಡಿತ ಇರಬಹುದು. ಮೂರನೇ ಭೇಟಿಯಲ್ಲಿ ನಾನು "ಬಿಟ್ಟ ದಿನ ಏನಾಗಿತ್ರಿ?" ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ. ಮೂತ್ರ ಕೆಂಪಗೆ ಬರುತ್ತಿತ್ತು. ರಕ್ತ ಹೋಗುತ್ತಿದೆ, ಮಾತ್ರೆ ಒಳಗಿನದ್ದನ್ನೆಲ್ಲ ಸುಡುತ್ತಿದೆ ಅಂದುಕೊಂಡ. ರಿಫಾಂಪಿಸಿನ್ ಔಷಧಿ ತೆಗೆದುಕೊಂಡರೆ ಮೂತ್ರ ಕೇಸರಿ ಕೆಂಪು ಆಗುವುದು ಮಾಮೂಲು, ಅದರಿಂದ ತೊಂದರೆ ಇಲ್ಲ. ಅದನ್ನು ಅವನಿಗೆ ಯಾರೋ ಹೇಳಿದ್ದರು, ಮರಾಠಿಯಲ್ಲಿ, ಗದ್ದಲದ ಓಪಿಡಿಯಲ್ಲಿ. ಅವನು ತಲೆಯಾಡಿಸಿದ್ದ.

ಅಲ್ಲಿಂದ ಮುಂದಿನದ್ದು ಬಿಚ್ಚಿಕೊಂಡಿತು. ಒಂದು ಖೋಲಿಯಲ್ಲಿ ಎಂಟು ಜನ. ಕಾಯಿಲೆ ಗೊತ್ತಾದರೆ ಹೊರಗೆ ಹಾಕುತ್ತಾರೆ ಅನ್ನುವ ಹೆದರಿಕೆ, ಅದಕ್ಕೇ ಮಾತ್ರೆಗಳು ಸಿಮೆಂಟ್ ಚೀಲದೊಳಗೆ. ಸೈಟ್ ಮೀರಾ ರೋಡ್‌ನಿಂದ ಪನವೇಲ್ ಕಡೆಗೆ ಬದಲಾಗಿತ್ತು, ಔಷಧಿ ತರಲು ಹೋದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಬ್ಯಾಂಕ್ ಖಾತೆ ಊರಿನಲ್ಲಿತ್ತು, ಅದರ ಪುಸ್ತಕ ಹೆಂಡತಿಯ ಹತ್ತಿರ. ಟಿಬಿ ರೋಗಿಗೆ ಪೋಷಣೆಗಾಗಿ ಸರ್ಕಾರ ತಿಂಗಳಿಗೆ ಕೊಡುವ ಹಣ 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದೆ. ಅವನಿಗೆ ಅದು ಬಂದೇ ಇರಲಿಲ್ಲ.

ಇಷ್ಟೇ ಬರೆದರೂ ಅರ್ಧ ಆಯಿತು. ಇನ್ನರ್ಧ ಅವನ ಬಲ. ಕಾಯಿಲೆಯಲ್ಲೂ ಪ್ರತಿ ತಿಂಗಳು ಊರಿಗೆ ಹಣ ಕಳಿಸಿದ್ದ. ಬಿಟ್ಟ ಮಾತ್ರೆಗಳನ್ನು ಎಸೆದಿರಲಿಲ್ಲ. ಖೋಲಿಯಲ್ಲಿ ಹತ್ತನೇ ಕ್ಲಾಸ್ ಓದಿದ ಅಳಿಯ ಇದ್ದ, ಅವನ ಮೇಲೆ ನಂಬಿಕೆ ಇತ್ತು. ನಿಮಗೆ ಮೊದಲು ಏನಾಗಬೇಕು ಅಂತ ಕೇಳಿದರೆ ಅವನು ಟಿಬಿ ಹೆಸರನ್ನೇ ಎತ್ತಲಿಲ್ಲ. "ಮಗೂಗ ಹತ್ತತೈತೇನ್ರಿ?" ಅಂದ. ಹಾಗಾಗಿ ನಾವು ಅಲ್ಲಿಂದ ಶುರು ಮಾಡಿದೆವು. ಊರಿನಲ್ಲಿ ಹೆಂಡತಿ, ಮಗುವಿನ ತಪಾಸಣೆ. ಆಮೇಲೆ ಸೈಟ್ ಹತ್ತಿರದ ಕೇಂದ್ರಕ್ಕೆ ಚಿಕಿತ್ಸೆಯ ವರ್ಗಾವಣೆ, ಖಾತೆ ಸಂಖ್ಯೆ, ಅಳಿಯನ ಜೊತೆ ಒಂದು ಮಾತುಕತೆ. ನಿರ್ಲಕ್ಷ್ಯ ಅನ್ನುವ ಸಾಲನ್ನು ಹೊಡೆದು ಹಾಕುವ ಅಧಿಕಾರ ನನಗಿರಲಿಲ್ಲ. ಅದರ ಕೆಳಗೆ ಇದೆಲ್ಲ ಬರೆದು ತಾರೀಕು ಹಾಕಿದೆ.

ಜಿನೋಗ್ರಾಮ್, ಇಕೋಮ್ಯಾಪ್ ಎಲ್ಲ ಪರೀಕ್ಷೆಗೆ ಮಾತ್ರವೇ, ಕೆಲಸಕ್ಕೂ ಬರುತ್ತವಾ?

ತುಂಬಾ ಬರುತ್ತವೆ. ಜಿನೋಗ್ರಾಮ್ ಅಂದರೆ ಮೂರು ತಲೆಮಾರಿನ ಮನೆತನದ ಚಿತ್ರ. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ತೀರಿಕೊಂಡವರಿಗೆ ಕತ್ತರಿ ಗುರುತು. ಇಕೋಮ್ಯಾಪ್ ಆನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ್ದು. ನಡುವೆ ಕುಟುಂಬ, ಸುತ್ತ ಕೆಲಸ, ಶಾಲೆ, ಆಸ್ಪತ್ರೆ, ದೇವಸ್ಥಾನ, ಸಾಲ ಕೊಟ್ಟವರು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ಜಗಳಕ್ಕೆ ಅಡ್ಡಗೀಟಿನ ಗೆರೆ.

ವಲಸೆ ಬಂದವರಿಗೆ ಇದನ್ನು ಬಿಡಿಸುವಾಗ ಒಂದು ಬದಲಾವಣೆ ಮಾಡಿಕೊಳ್ಳಿ ಅಂತ ನಾನು ಹೇಳುತ್ತೇನೆ. ಕಾಗದದ ನಡುವೆ ಒಂದು ಗೆರೆ ಎಳೆದು ಒಂದು ಕಡೆ ಮುಂಬೈ, ಇನ್ನೊಂದು ಕಡೆ ಊರು ಮಾಡಿ. ಹಣ ಯಾವ ಕಡೆಗೆ ಹೋಗುತ್ತದೆ, ಫೋನ್ ಯಾವ ಕಡೆಯಿಂದ ಬರುತ್ತದೆ, ಮಕ್ಕಳು ಯಾವ ಕಡೆ ಇದ್ದಾರೆ ಅಂತ ಬಾಣದ ಗುರುತು ಹಾಕಿ. ಪೆನ್ನನ್ನು ಅವರ ಕೈಗೇ ಕೊಡಿ. ಓದು ಬಾರದವರಿಗೆ ನಾನು ಕಡಲೆ, ಬಳೆ, ಬೆಂಕಿಕಡ್ಡಿ ಇಟ್ಟು ಮಾಡಿಸಿದ್ದೇನೆ. ಒಬ್ಬ ಅಜ್ಜಿ ತನ್ನನ್ನು ಸೂಚಿಸುವ ಬಳೆಯನ್ನು ಯಾವ ಕಡೆಯೂ ಇಡದೆ ಗೆರೆಯ ಮೇಲೇ ಇಟ್ಟರು. ಅರ್ಧ ಗಂಟೆ ಕೇಳಿದರೂ ಅಷ್ಟು ಗೊತ್ತಾಗುತ್ತಿರಲಿಲ್ಲ.

ನಾನೂ ಕನ್ನಡದವಳು ಅಂತ ಗೊತ್ತಾದ ಮೇಲೆ ಕೆಲವರು ಬಾಯಿ ಮುಚ್ಚಿಬಿಡುತ್ತಾರೆ. ಯಾಕೆ ಹೀಗೆ?

ಈ ಪುಟದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದೇ.

ಪರ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾವು ಮೊದಲು ಕೇಳುವುದು "ನಿಮ್ಮದು ಯಾವೂರು?" ಅಂತ. ನಮಗೆ ಅದು ಪ್ರೀತಿ. ಏನನ್ನೋ ಮುಚ್ಚಿಟ್ಟುಕೊಂಡು ಬದುಕುತ್ತಿರುವವರಿಗೆ ಅದು ಹೆದರಿಕೆ. ಮುಂಬೈ ಕನ್ನಡಿಗರು ಎರಡೇ ಪ್ರಶ್ನೆಯಲ್ಲಿ ತಾಲ್ಲೂಕು, ಅಡ್ಡಹೆಸರು, ಜಾತಿ, ಯಾರ ಕಡೆಯವರು ಅನ್ನುವವರೆಗೆ ತಲುಪಿಬಿಡುತ್ತಾರೆ. ಗಂಡನ ಮನೆ ಬಿಟ್ಟು ಬಂದವಳಿಗೆ, ಎಚ್‌ಐವಿ ಇರುವವನಿಗೆ, ಸಾಲ ಮಾಡಿ ಓಡಿ ಬಂದವನಿಗೆ ಮರಾಠಿ ಮಾತಾಡುವ ಅಪರಿಚಿತರೇ ಹೆಚ್ಚು ಕ್ಷೇಮ. ಮನೆ ಹತ್ತಿರದ ಆಸ್ಪತ್ರೆಯಲ್ಲಿ ತನ್ನೂರಿನ ವಾರ್ಡ್‌ಬಾಯ್ ಇದ್ದಾನೆ ಅಂತ ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆ ದೂರ ಹೋಗಿ ಎಚ್‌ಐವಿ ಔಷಧಿ ತರುವವರನ್ನು ನಾನು ಬಲ್ಲೆ.

ಹಾಗಾಗಿ ಮೊದಲ ಭೇಟಿಯಲ್ಲಿ ಊರು ಕೇಳಬೇಡಿ. ಅಡ್ಡಹೆಸರು ಬೇಕಿಲ್ಲದಿದ್ದರೆ ಅದನ್ನೂ ಕೇಳಬೇಡಿ. ಜಾತಿ ಪ್ರಮಾಣಪತ್ರದ ಕೆಲಸ ಇದ್ದರೆ ಮಾತ್ರ ಜಾತಿ, ಅದೂ ಯಾಕೆ ಅಂತ ಹೇಳಿ. ಭಾಷೆಯ ಆಯ್ಕೆಯನ್ನು ಅವರಿಗೇ ಬಿಡಿ: "ಕನ್ನಡದಾಗ ಮಾತಾಡಬಹುದ್ರಿ. ಬ್ಯಾಡ ಅಂದ್ರ ಹಿಂದಿ, ಮರಾಠಿ ಮಾತಾಡೋ ಬ್ಯಾರೆ ಮೇಡಮ್ಮಾರು ಅದಾರ. ನನಗ ಏನೂ ಅನಸೂದಿಲ್ಲ." ಒಬ್ಬ ಹುಡುಗಿ ಎರಡು ತಿಂಗಳು ನನ್ನ ಜೊತೆ ಹಿಂದಿಯಲ್ಲೇ ಮಾತಾಡಿದಳು. ಕನ್ನಡದವಳೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತಿತ್ತು. ಒಂದು ದಿನ ಹೊರಡುವಾಗ ಬಾಗಿಲಲ್ಲಿ ನಿಂತು "ಅವ್ವನ ನೆನಪಾಗತೈತ್ರಿ" ಅಂದಳು. ಅವತ್ತಿನಿಂದ ನಮ್ಮ ಕೆಲಸ ಕನ್ನಡದಲ್ಲಿ ನಡೆಯಿತು. ನಾನು ಮೊದಲೇ ಕನ್ನಡದಲ್ಲಿ ಎಳೆದಿದ್ದರೆ ಅವಳು ಮೂರನೇ ಸಲ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಇನ್ನೊಂದು ಮಾತು. ರಾಜ್ಯೋತ್ಸವದಲ್ಲೋ, ಯಕ್ಷಗಾನದಲ್ಲೋ, ಮದುವೆಯಲ್ಲೋ ನಿಮ್ಮ ಹತ್ತಿರ ಬರುವವರು ಎದುರಾದರೆ ನೀವಾಗಿ ಮಾತಾಡಿಸಬೇಡಿ. ಅವರು ನಕ್ಕರೆ ನಗಿ. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ.

ಗಂಡ ಅಥವಾ ಅತ್ತೆ ಪಕ್ಕದಲ್ಲೇ ಕೂತು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರೆ?

ಅವರ ಮಾತನ್ನೂ ಪೂರ್ತಿ ಕೇಳಿ. ಅಸೆಸ್‌ಮೆಂಟ್‌ಗೆ ಅದೂ ಬೇಕು. ಆಮೇಲೆ "ನಮ್ಮಲ್ಲಿ ಎಲ್ಲರ ಜೊತೆನೂ ಸ್ವಲ್ಪ ಹೊತ್ತು ಬೇರೆ ಬೇರೆ ಮಾತಾಡುವ ಪದ್ಧತಿ ಇದೆ" ಅಂತ ಹೇಳಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ. ಹತ್ತಡಿ ಖೋಲಿಯಲ್ಲಿ ಅದು ಆಗುವುದಿಲ್ಲ. ಆಸ್ಪತ್ರೆಯಲ್ಲಿ ತೂಕ ನೋಡುವ ಕೋಣೆ, ಅಂಗನವಾಡಿ, ನಲ್ಲಿಯ ಹತ್ತಿರ ನೀರಿನ ಹೊತ್ತು, ಹೀಗೆ ದಾರಿ ಹುಡುಕಬೇಕು.

ಹೊಡೆತದ ಗುರುತು ಕಂಡರೆ ಎಲ್ಲರ ಎದುರು ಕೇಳಬೇಡಿ. ಒಂಟಿಯಾಗಿ ಸಿಕ್ಕಾಗ ಇವತ್ತು ಮನೆಗೆ ಹೋದರೆ ಏನಾಗಬಹುದು, ಜೀವಕ್ಕೆ ಅಪಾಯ ಇದೆ ಅನ್ನಿಸುತ್ತದಾ, ಮಕ್ಕಳಿಗೂ ಹೊಡೆತ ಬೀಳುತ್ತದಾ ಅಂತ ಕೇಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಇದ್ದಾರೆ, ಮನೆಯಲ್ಲಿ ವಾಸಿಸುವ ಹಕ್ಕು ಇದೆ. ಪೊಲೀಸರ ಜೊತೆಗೇ ಸಮಾಜಕಾರ್ಯಕರ್ತರು ಕೂರುವ ಮಹಿಳೆ ಮತ್ತು ಮಕ್ಕಳ ವಿಶೇಷ ಘಟಕ 1984ರಲ್ಲಿ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಶುರುವಾದದ್ದು. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಇದೆಲ್ಲ ಹೇಳಿದ ಮೇಲೂ ಅವಳು ಇವತ್ತು ಮನೆಗೇ ಹೋಗುತ್ತೇನೆ ಅಂದರೆ, ಆ ತೀರ್ಮಾನ ಅವಳದು. ಮತ್ತೆ ಬರುವ ಬಾಗಿಲು ತೆರೆದಿಡಿ. ಚೀಟಿ ಬರೆದು ಕೊಡಬೇಡಿ, ಅದು ಯಾರ ಕೈಗಾದರೂ ಸಿಗಬಹುದು. ಮೂರಂಕಿಯ ನಂಬರ್ ಬಾಯಿಪಾಠ ಮಾಡಿಸಿ.

ಡಾಕ್ಟರಿಗೆ ಕನ್ನಡ ಬರುವುದಿಲ್ಲ. ನಾನೇ ದುಭಾಷಿ ಆಗಬಹುದಾ?

ಆಗಲೇಬೇಕಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಅಭಿಪ್ರಾಯ ಸೇರಿಸಬೇಡಿ. ಅವರು ಐದು ವಾಕ್ಯ ಹೇಳಿದರೆ ಐದೂ ಹೇಳಿ. "ಅವರಿಗೆ ಹೊಟ್ಟೆನೋವಂತೆ" ಅನ್ನುವ ಬದಲು ಅವರ ಬಾಯಿಯಿಂದಲೇ ಬಂದ ಹಾಗೆ "ನನಗೆ ಹೊಟ್ಟೆ ನೋಯುತ್ತಿದೆ" ಅಂತ ದಾಟಿಸಿ. ಡಾಕ್ಟರ್ ಹೇಳಿದ್ದನ್ನು ಮುಗಿಸಿದ ಮೇಲೆ "ಮನಿಗೆ ಹೋಗಿ ಏನಂತ ಹೇಳ್ತೀರಿ, ನನಗೊಮ್ಮೆ ಹೇಳ್ರಿ ನೋಡೂನು" ಅಂತ ಕೇಳಿ. ತಿಳಿದಿದ್ದು ಎಷ್ಟು ಅಂತ ಆಗಲೇ ಗೊತ್ತಾಗುತ್ತದೆ.

ಮಕ್ಕಳನ್ನು ಮಾತ್ರ ದುಭಾಷಿ ಮಾಡಬೇಡಿ. ಇಂಗ್ಲಿಷ್ ಶಾಲೆಗೆ ಹೋಗುವ ಹತ್ತು ವರ್ಷದ ಹುಡುಗಿ ತನ್ನ ತಾಯಿಗೆ ಗರ್ಭಕೋಶದ ಗಡ್ಡೆಯ ಸುದ್ದಿ ಹೇಳುವುದನ್ನು ನೋಡಿದ್ದೇನೆ. ಆ ಮಗುವಿನ ಮುಖ ಇನ್ನೂ ಕಣ್ಣ ಮುಂದಿದೆ.

ಸಾಯುವ ಮಾತು ಬಂದರೆ? ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತುಂಬಿದಂತೆ ಆಗುವುದಿಲ್ವಾ?

ಆಗುವುದಿಲ್ಲ. ಈ ಹೆದರಿಕೆ ಬಿಡಿ. ನೇರವಾಗಿ, ಮೆಲ್ಲಗೆ ಕೇಳಿದರೆ ಹೊತ್ತುಕೊಂಡ ಭಾರ ಇಳಿದಂತಾಗುತ್ತದೆ. "ಸಾಕಾಗೇದ" ಅನ್ನುವುದು ಬರೀ ದಣಿವಿನ ಮಾತೂ ಇರಬಹುದು, ಅದಕ್ಕಿಂತ ಮುಂದಿನದ್ದೂ ಇರಬಹುದು. "ಸಾಕಾಗೇದ ಅಂದ್ರಿ. ಜೀವ ಕಳಕೋಬೇಕು ಅಂತ ವಿಚಾರ ಬಂದೈತೇನ್ರಿ?" ಅಂತ ಕೇಳಿ. ಹೌದು ಅಂದರೆ ಹೇಗೆ ಅಂತ ಯೋಚಿಸಿದ್ದಾರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ, ಯಾವಾಗ ಅಂತ ಮನಸ್ಸಿನಲ್ಲಿದೆಯಾ, ಮೊದಲು ಪ್ರಯತ್ನ ಮಾಡಿದ್ದಾರಾ, ಇಷ್ಟು ದಿನ ತಡೆದದ್ದು ಯಾವುದು ಅಂತ ಒಂದೊಂದಾಗಿ ತಿಳಿಯಿರಿ. ಯೋಚನೆ, ದಾರಿ, ಸಮಯ ಮೂರೂ ಇದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಅವರು ನಂಬುವ ಒಬ್ಬರನ್ನು ಕರೆಸಿ, ಅದೇ ದಿನ ಮನೋವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ, ದುಡ್ಡಿಲ್ಲದೆ ಕರೆ ಮಾಡಬಹುದು. 2022ರಲ್ಲಿ ಶುರುವಾದ ಸೇವೆ ಅದು.

ಪೊಲೀಸ್ ಕೇಸ್ ಆಗುತ್ತದೆ ಅಂತ ಮನೆಯವರು ಮುಚ್ಚಿಡುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿದು ಅವರಿಗೆ ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಇದನ್ನು ಮನೆಯವರಿಗೆ ತಿಳಿಸಿ ಹೇಳಿ.

ಯಾರಿಗೂ ಹೇಳಬೇಡಿ ಅಂದರೆ ಎಲ್ಲಿವರೆಗೆ ಗುಟ್ಟು ಇಡಬಹುದು?

ಯಾರಿಗೂ ಹೇಳುವುದಿಲ್ಲ ಅಂತ ಪೂರ್ತಿ ಮಾತು ಕೊಡಬೇಡಿ. "ನಿಮ್ಮ ಮಾತು ನನ್ನ ಹತ್ತಿರವೇ ಇರುತ್ತದೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಮಗುವಿಗೆ ಕೆಟ್ಟದ್ದು ಆಗುತ್ತಿದ್ದರೆ ನಾನು ಹೇಳಲೇಬೇಕು" ಅಂತ ಮೊದಲೇ ತಿಳಿಸಿ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಮನೆಯ ಮಾನ ಅನ್ನುವ ಕಾರಣಕ್ಕೆ ಸಂಘದ ಹಿರಿಯರು ಕೂತು ಬಗೆಹರಿಸುವ ವಿಷಯ ಇದಲ್ಲ.

ಎಚ್‌ಐವಿಯ ಮಾತು ಬೇರೆ. 2017ರ ಎಚ್‌ಐವಿ ಕಾಯ್ದೆಯಂತೆ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತಿಳಿಸುವಂತಿಲ್ಲ. ಖೋಲಿಯ ಗೆಳೆಯರಿಗೂ ಇಲ್ಲ, ಊರಿನ ಅಣ್ಣನಿಗೂ ಇಲ್ಲ.

ಮಕ್ಕಳ ಜೊತೆ ಮಾತಾಡುವುದು ಹೇಗೆ?

ಅವರ ಎತ್ತರಕ್ಕೆ ಕೂತು, ಕೈಗೆ ಏನಾದರೂ ಕೆಲಸ ಕೊಟ್ಟು. ಚಿತ್ರ ಬರೆಯುತ್ತಾ ಆಡುವ ಮಾತು ಬೇಗ ಬರುತ್ತದೆ. ನಡೆದದ್ದನ್ನು ಮತ್ತೆ ಮತ್ತೆ ಹೇಳಿಸಬೇಡಿ. ಮಗುವಿಗೆ ಕೆಟ್ಟದ್ದು ಆಗುತ್ತಿದೆ ಅನ್ನುವ ಸಂಶಯ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದೇಶದ ಮಕ್ಕಳೆಲ್ಲ ಬಳಸುವ ಈ ನಂಬರ್ 1996ರಲ್ಲಿ ಮುಂಬೈಯಲ್ಲೇ ಶುರುವಾಯಿತು. ಹೋಟೆಲ್‌ನಲ್ಲಿ ಲೋಟ ತೊಳೆಯುವ ಹುಡುಗನ ವಯಸ್ಸು ಕೇಳಿದರೆ ಮಾಲಕರು ಕಲಿಸಿದ ಉತ್ತರವೇ ಬರಬಹುದು. ಯಾವ ಕ್ಲಾಸಿನಲ್ಲಿ ಶಾಲೆ ಬಿಟ್ಟೆ, ಆಗ ನಿನ್ನ ಜೊತೆ ಯಾರು ಕೂರುತ್ತಿದ್ದರು ಅಂತ ಕೇಳಿ. 14 ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ.

ದಾಖಲೆಗಳ ವಿಷಯ ಎಷ್ಟು ಕೇಳಬೇಕು?

ಚೆನ್ನಾಗಿ ಕೇಳಬೇಕು. ನಮ್ಮ ಓದಿನಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. ಕೆಲಸದಲ್ಲಿ ಅರ್ಧ ದಿನ ಇದಕ್ಕೇ ಹೋಗುತ್ತದೆ. ಕರ್ನಾಟಕದ ರೇಷನ್ ಕಾರ್ಡ್‌ಗೆ ಆಧಾರ್ ಜೋಡಿಸಿದ್ದರೆ, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿಯೂ ತೆಗೆದುಕೊಳ್ಳಬಹುದು. ಸ್ವಲ್ಪ ಇಲ್ಲಿ, ಉಳಿದದ್ದು ಊರಿನಲ್ಲಿ ಮನೆಯವರು ತೆಗೆದುಕೊಂಡರೂ ಆಗುತ್ತದೆ. ಪಿಎಂ ಜೆಎವೈ (ಆಯುಷ್ಮಾನ್ ಭಾರತ್ ಆರೋಗ್ಯ ಯೋಜನೆ) ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸಿಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೆಸರು ಹಚ್ಚಲು ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪತ್ರ ಬೇಕು. ದಿನಕ್ಕೊಂದು ಸೈಟ್ ಬದಲಿಸುವ ನಾಕಾ ಕಾರ್ಮಿಕರಿಗೆ ಆ ಪತ್ರ ಸಿಗುವುದೇ ದೊಡ್ಡ ಕಷ್ಟ. ಯಾರಿಂದ ಸಿಗಬಹುದು ಅಂತ ಮೊದಲ ವಾರದಲ್ಲೇ ವಿಚಾರಿಸಿ.

ಕೇಸ್ ಬರೆದಿಡುವಾಗ ಏನು ಗಮನಿಸಬೇಕು?

ಕಂಡದ್ದು ಬೇರೆ, ಕೇಳಿದ್ದು ಬೇರೆ, ನಿಮಗೆ ಅನ್ನಿಸಿದ್ದು ಬೇರೆ. ಮೂರನ್ನೂ ಬೇರೆ ಬೇರೆ ಬರೆಯಿರಿ. "ತಾಯಿ ಬೇಜವಾಬ್ದಾರಿ" ಅಂತ ಬರೆಯಬೇಡಿ. "ಮಧ್ಯಾಹ್ನ 2 ಗಂಟೆಗೆ ಮನೆಗೆ ಹೋದಾಗ ಮೂರು ವರ್ಷದ ಮಗು ಒಂದೇ ಇತ್ತು, ತಾಯಿ ಮನೆಗೆಲಸಕ್ಕೆ ಹೋಗಿದ್ದಾಗಿ ಪಕ್ಕದವರು ಹೇಳಿದರು" ಅಂತ ಬರೆಯಿರಿ. ನಾಳೆ ಈ ಕಾಗದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. ನೀವು ಬರೆದ ಒಂದು ಪದದ ಮೇಲೆ ಆ ಮಗು ಮನೆಯಲ್ಲಿ ಉಳಿಯುವುದೋ ಇಲ್ಲವೋ ನಿಂತಿರಬಹುದು. ಅವರ ಎದುರೇ ಓದಿ ಹೇಳಬಹುದಾದ್ದನ್ನು ಮಾತ್ರ ಬರೆಯುತ್ತೇನೆ ಅಂತ ನಾನು ನಿಯಮ ಮಾಡಿಕೊಂಡಿದ್ದೇನೆ.

ಕೇಳಿ ಕೇಳಿ ನನಗೇ ಅಳು ಬರುತ್ತದೆ, ಕೆಲವರ ಮೇಲೆ ಸಿಟ್ಟೂ ಬರುತ್ತದೆ. ತಪ್ಪಾ?

ತಪ್ಪಲ್ಲ. ಕಣ್ಣು ಒದ್ದೆಯಾದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅವರೇ ನಿಮ್ಮನ್ನು ಸಮಾಧಾನ ಮಾಡುವ ಹಾಗೆ ಮಾತ್ರ ಆಗಬಾರದು. ಸಿಟ್ಟನ್ನು ಜಾಸ್ತಿ ಗಮನಿಸಿ. ಕುಡಿಯುವ ಗಂಡಸರು ಬಂದರೆ ನನ್ನ ದನಿ ಬದಲಾಗುತ್ತದೆ ಅಂತ ಒಬ್ಬ ಹಿರಿಯ ಸಹೋದ್ಯೋಗಿ ತೋರಿಸಿಕೊಟ್ಟರು. ಆಮೇಲೆ ನಾನು ಅಂಥ ಕೇಸ್‌ಗಳನ್ನು ಅವರ ಜೊತೆ ಕೂತು ಮಾಡಿದೆ. ವಾರಕ್ಕೊಮ್ಮೆ ಹೀಗೆ ಕೂತು ಮಾತಾಡಲು ಒಬ್ಬರು ಇರಲೇಬೇಕು. ನಿಮ್ಮ ಸಂಸ್ಥೆಯಲ್ಲಿ ಇಲ್ಲದಿದ್ದರೆ ಕೇಳಿ ಪಡೆಯಿರಿ.

ಎಲ್ಲಿ ಕಲಿಯಬಹುದು?

ಮುಂಬೈಯಲ್ಲಿ ದೇವನಾರ್‌ನ ಟಾಟಾ ಇನ್‌ಸ್ಟಿಟ್ಯೂಟ್, 1955ರಲ್ಲಿ ಶುರುವಾದ ನಿರ್ಮಲಾ ನಿಕೇತನ್. ಪುಣೆಯಲ್ಲಿ 1963ರ ಕರ್ವೆ ಇನ್‌ಸ್ಟಿಟ್ಯೂಟ್. ಓದು ಎಲ್ಲೇ ಆಗಲಿ, ಮರಾಠಿಯನ್ನು ಚೆನ್ನಾಗಿ ಕಲಿಯಿರಿ. ವಾರ್ಡ್ ಆಫೀಸ್, ಪೊಲೀಸ್ ಠಾಣೆ, ರೇಷನ್ ಕಚೇರಿ ಎಲ್ಲ ಕಡೆ ಅರ್ಜಿ ಬರೆಯಬೇಕಾದದ್ದು ಹೆಚ್ಚಾಗಿ ಮರಾಠಿಯಲ್ಲೇ.

ಕೇಸ್ ಮುಗಿಸುವುದು ಯಾವಾಗ?

ಮೊದಲು ಜೊತೆಯಲ್ಲಿ ಬರೆದುಕೊಂಡ ಪಟ್ಟಿಯನ್ನು ತೆಗೆದು ಮತ್ತೆ ಜೊತೆಯಲ್ಲೇ ನೋಡಿ. ಏನಾಯಿತು, ಏನು ಉಳಿಯಿತು ಅಂತ ಅವರೇ ಹೇಳಲಿ. ವಲಸೆ ಕುಟುಂಬಗಳಲ್ಲಿ ಹೀಗೆ ಸಮಾಧಾನವಾಗಿ ಮುಗಿಯುವುದು ಕಡಿಮೆ. ಸೈಟ್ ಮುಗಿಯುತ್ತದೆ, ಊರಿನಲ್ಲಿ ಜಾತ್ರೆ ಬರುತ್ತದೆ, ಒಂದು ರಾತ್ರಿ ಗಂಟು ಕಟ್ಟಿ ಹೊರಟುಬಿಡುತ್ತಾರೆ. ಅದಕ್ಕೆ ಎರಡನೇ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ: ದಿಢೀರ್ ಊರಿಗೆ ಹೋಗಬೇಕಾದರೆ ನಾನು ಯಾವ ನಂಬರಿಗೆ ಫೋನ್ ಮಾಡಲಿ, ಎತ್ತುವವರ ಹತ್ತಿರ ಏನು ಹೇಳಬಹುದು, ಏನು ಹೇಳಬಾರದು. ಔಷಧಿ ನಡೆಯುತ್ತಿದ್ದರೆ ಚಿಕಿತ್ಸೆಯ ಕಾಗದದ ಒಂದು ಪ್ರತಿ ಅವರ ಚೀಲದಲ್ಲಿ ಆವತ್ತೇ ಇರಲಿ.